ದೇವರ ದೀಪದ ಎಣ್ಣೆಯ ಲೆಕ್ಕ

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವ ದೂರ ಸುಮಾರು ಹದಿನಾಲ್ಕು ಕಿಲೋಮೀಟರು. ಈ ದಾರಿಯಲ್ಲಿ ದಿನವೂ ಓಡಾಡುವವರು ಸಾವಿರಾರು ಮಂದಿ. ಆದರೆ ಹರಿಹರೇಶ್ವರನ ಗುಡಿಯೊಳಕ್ಕೆ ಹೋಗಿ ಅಲ್ಲಿನ ಶಾಸನದ ಕಲ್ಲುಗಳ ಮುಂದೆ ಅರೆಗಳಿಗೆ ನಿಂತವರು ಎಷ್ಟು ಮಂದಿ ಇದ್ದಾರೋ ಹೇಳಲಾರೆ. ಹೊಯ್ಸಳರ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು ಈ ಗುಡಿಯನ್ನು ಕ್ರಿ. ಶ. ೧೨೨೪ರಲ್ಲಿ ಕಟ್ಟಿಸಿದನು. ಅರ್ಧ ಹರಿ, ಅರ್ಧ ಹರನಾಗಿ ನಿಂತ ಆ ಮೂರ್ತಿಯ ವಿಷಯವಾಗಿ ಬೇಕಾದಷ್ಟು ಬರೆದವರಿದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಮೂರ್ತಿಯ ಮಾತಲ್ಲ, ಮೂರ್ತಿಯ ಮುಂದೆ ಉರಿಯುವ ದೀಪದ ಮಾತು. ಆ ದೀಪದ ಮೂಲಕ ನಮ್ಮ ಊರುಗಳ ಕ್ರೈಸ್ತ ದೇವಾಲಯಗಳಲ್ಲಿ ಈಗ ನಡೆಯಬೇಕಾಗಿರುವ ಒಂದು ಲೆಕ್ಕಾಚಾರದ ಮಾತು. ಗುಡಿಗೂ ಚರ್ಚಿಗೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಾರದು. ಸ್ವಲ್ಪ ತಾಳ್ಮೆಯಿಂದ ಓದಿದರೆ ಸಂಬಂಧ ತಾನಾಗಿಯೇ ಕಾಣಿಸುತ್ತದೆ.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ‘ನಂದಾದೀವಿಗೆ’ ಎಂಬ ಮಾತು ಹೊಸದಲ್ಲ. ದೇವರಿಗೆ ಭೂಮಿ ಬಿಡುವುದು, ಅಂಗಭೋಗ ರಂಗಭೋಗಗಳಿಗೆ ಸುಂಕ ಬಿಡುವುದು ಇವುಗಳ ಜೊತೆಗೆ ನಂದಾದೀವಿಗೆಗೆ ಎಣ್ಣೆ ಬಿಡುವುದೂ ಒಂದು ದೊಡ್ಡ ದಾನವಾಗಿತ್ತು. ಈ ದಾನದಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಬರಿಯ ‘ಎಣ್ಣೆ’ ಎಂದು ಹೇಳಿ ಬಿಟ್ಟುಬಿಡುತ್ತಿರಲಿಲ್ಲ. ಗಾಣವೊಂದಕ್ಕೆ ಇಷ್ಟು ಎಣ್ಣೆ ಎಂದೋ, ಸೊಲ್ಲಗೆಯೆಂದೋ, ಮಾನವೆಂದೋ ಅಳತೆ ಹೇಳಿ ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಎಣ್ಣೆ ತೆಗೆಯುವ ತೆಲ್ಲಿಗರು ತಮ್ಮ ಗಾಣದಿಂದ ಕೊಡತಕ್ಕದ್ದೆಷ್ಟು, ಅದನ್ನು ನೋಡಿಕೊಳ್ಳತಕ್ಕವರು ಯಾರು ಎಂಬುದೆಲ್ಲ ಕಟ್ಟಾಗಿರುತ್ತಿತ್ತು. ಕೆಲವೆಡೆ ಒಂದಿಷ್ಟು ಗದ್ಯಾಣ ಹೊನ್ನನ್ನು ಇಡುಗಂಟಾಗಿಟ್ಟು ಅದರ ಬಡ್ಡಿಯಿಂದ ದೀಪ ನಡೆಯಬೇಕೆಂದು ಏರ್ಪಡಿಸಿದರು. ತಮಿಳುನಾಡಿನ ಚೋಳರ ಕಾಲದ ಏರ್ಪಾಡು ಇನ್ನೂ ಸೊಗಸಾಗಿದೆ. ಅಲ್ಲಿ ಒಂದು ನಂದಾದೀಪಕ್ಕೆ ತೊಂಬತ್ತಾರು ಕುರಿಗಳು. ಆ ಕುರಿಗಳನ್ನು ಪಡೆದ ಕುರುಬನು ದಿನಕ್ಕೆ ಒಂದು ಉಳಕ್ಕು ತುಪ್ಪ ತಂದು ಒಪ್ಪಿಸಬೇಕು. ಕುರಿ ಸತ್ತರೂ ಮುದಿಯಾದರೂ ಮರಿಗಳಿಂದ ಲೆಕ್ಕ ಸರಿದೂಗಬೇಕು. ಆದ್ದರಿಂದ ಅವಕ್ಕೆ ಸಾಯದ, ಮುಪ್ಪಾಗದ ಕುರಿಗಳೆಂದೇ ಹೆಸರು.

ಒಂದು ದೀಪದ ಹಿಂದೆ ತೊಂಬತ್ತಾರು ಕುರಿಗಳ ಹಿಂಡು, ಹಿಂಡಿನ ಹಿಂದೆ ಮೇಯುವ ಹುಲ್ಲುಗಾವಲು, ಅದರ ಹಿಂದೆ ಮಳೆ. ಗರ್ಭಗುಡಿಯ ಕಿರುಬೆಳಕು ಎಲ್ಲಿಂದ ಬಂತೆಂಬುದು ಊರಿನ ಪ್ರತಿಯೊಬ್ಬನಿಗೂ ಗೊತ್ತಿತ್ತು. ನಮ್ಮ ಹೊಲದ ಎಳ್ಳು, ನಮ್ಮ ಕೇರಿಯ ಗಾಣ, ನಮ್ಮ ತೆಲ್ಲಿಗನ ಎತ್ತು. ಬೆಳಕಿಗೆ ಒಂದು ಮೂಲವಿತ್ತು, ಒಂದು ಅಳತೆಯೂ ಇತ್ತು. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಪಂಡಿತನಿಗೆ ಶಬ್ದ ಸಿಕ್ಕಿದರೆ ಬಿಡುವುದು ಕಷ್ಟ. ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ‘ನಂದಾ’ ಎಂಬುದನ್ನು ಆನಂದವಾಚಿಯಾದ ಸಂಸ್ಕೃತ ಶಬ್ದವೆಂದು ತಿಳಿಯುವವರಿದ್ದಾರೆ. ಅಚ್ಚಗನ್ನಡದಲ್ಲಿ ‘ನಂದು’ ಎಂದರೆ ಆರಿಹೋಗು. ನಂದದ ದೀಪವೇ ನಂದಾದೀಪವೆಂದು ತಿಳಿಯುವುದು ನನಗೆ ಹೆಚ್ಚು ಸಹಜವಾಗಿ ತೋರುತ್ತದೆ. ದೀಪ ಆರಬಾರದೆಂಬ ಕಳಕಳಿ ನಮ್ಮ ನುಡಿಯಲ್ಲಿ ಎಷ್ಟು ಆಳವಾಗಿ ಇಳಿದಿದೆಯೆಂದರೆ, ಮನೆಯಲ್ಲಿ ದೀಪ ಆರಿಸೆಂದು ಹೇಳುವುದೇ ಅಮಂಗಳ. ನಮ್ಮ ಅಜ್ಜಿಯರು ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದರು. ಅದಕ್ಕೆ ಅರ್ಥ ಆರಿಸು ಎಂದು! ಬಳೆ ಒಡೆದರೆ ‘ಬಳೆ ಹೆಚ್ಚಿತು’ ಎಂದ ಹಾಗೆ. ಇಂಥ ಭಾಷೆಯನ್ನಾಡುವ ಜನರ ಮುಂದೆ ಹೋಗಿ ‘ದೇವರ ಮನೆಯಲ್ಲಿ ದೀಪ ಕಡಿಮೆ ಮಾಡಿ’ ಎಂದರೆ ಅದು ಕಿವಿಗೆ ಹೇಗೆ ಕೇಳಿಸೀತು? ಮುಂದೆ ಬರುವ ಸಮಸ್ಯೆಯ ಗಂಟೆಲ್ಲ ಇಲ್ಲಿಯೇ ಇದೆ.

ಪೊಲಾಳ್ವನು ಹರಿಹರದಲ್ಲಿ ಗುಡಿ ಕಟ್ಟಿಸುತ್ತಿದ್ದ ಕಾಲದಲ್ಲಿಯೇ, ೧೨೨೪-೨೫ರ ಸುಮಾರಿಗೆ, ದೂರದ ಇಟಲಿಯ ಅಸಿಸಿ ಎಂಬ ಊರಿನಲ್ಲಿ ಕಣ್ಣುಬೇನೆಯಿಂದ ನರಳುತ್ತಿದ್ದ ಒಬ್ಬ ಸಂನ್ಯಾಸಿ ತನ್ನ ಆಡುಮಾತಿನಲ್ಲಿ ಒಂದು ಹಾಡು ಕಟ್ಟಿದನು. ಸಂತ ಫ್ರಾನ್ಸಿಸ್ ಎಂದು ಪ್ರಸಿದ್ಧನಾದ ಆತನು ಆ ಹಾಡಿನಲ್ಲಿ ಸೂರ್ಯನನ್ನು ಅಣ್ಣನೆಂದೂ ಚಂದ್ರನನ್ನು ಅಕ್ಕನೆಂದೂ ಬೆಂಕಿಯನ್ನು ತಮ್ಮನೆಂದೂ ಕರೆದು ಅವುಗಳ ಮೂಲಕ ದೇವರನ್ನು ಸ್ತುತಿಸಿದ್ದಾನೆ. ಅವನ ಚರಿತ್ರೆಯನ್ನು ಬರೆದ ಶಿಷ್ಯರು ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳುತ್ತಾರೆ: ಬೆಂಕಿಯ ಮೇಲಣ ಅಕ್ಕರೆಯಿಂದ ಅವನಿಗೆ ದೀಪವನ್ನಾಗಲಿ ಮೇಣದ ಬತ್ತಿಯನ್ನಾಗಲಿ ಆರಿಸಲು ಮನಸ್ಸು ಬರುತ್ತಿರಲಿಲ್ಲವಂತೆ. ನಮ್ಮ ಅಜ್ಜಿಯರೂ ಆ ಸಂನ್ಯಾಸಿಯೂ ಒಂದೇ ಮನೆಯವರೆಂದು ಹೇಳಬೇಕು.

ಈಗ ಕ್ರೈಸ್ತ ದೇವಾಲಯದ ದೀಪಕ್ಕೆ ಬರೋಣ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ದೇವರ ಗುಡಾರದ ದೀಪ ಸದಾ ಉರಿಯುವಂತೆ ಜನರು ಆಲಿವ್ ಕಾಯಿಯ ಶುದ್ಧವಾದ ಎಣ್ಣೆಯನ್ನು ತಂದುಕೊಡಬೇಕೆಂಬ ವಿಧಿಯಿದೆ. ಹೊಸ ಒಡಂಬಡಿಕೆಯಲ್ಲಿ ಯೇಸು ಹೇಳಿದ ಹತ್ತು ಮಂದಿ ಕನ್ಯೆಯರ ಸಾಮತಿ ಅನೇಕರಿಗೆ ಗೊತ್ತಿದೆ. ಐವರು ಬುದ್ಧಿವಂತೆಯರು ದೀಪದ ಜೊತೆಗೆ ಪಾತ್ರೆಯಲ್ಲಿ ಎಣ್ಣೆಯನ್ನೂ ಒಯ್ದರು. ಉಳಿದ ಐವರು ಒಯ್ಯಲಿಲ್ಲ. ಮದುಮಗ ಬರುವ ಹೊತ್ತಿಗೆ ದೀಪ ಆರುತ್ತ ಬಂತು. ಎಲ್ಲರೂ ಇದನ್ನು ಎಚ್ಚರದ ಕಥೆಯೆಂದು ಹೇಳುತ್ತಾರೆ, ಸರಿಯೇ. ಎಣ್ಣೆಯ ಲೆಕ್ಕದ ಕಥೆಯೆಂದು ಓದಿದರೂ ತಪ್ಪಾಗದು. ಕಥೋಲಿಕ ದೇವಾಲಯಗಳಲ್ಲಿ ಪರಮಪ್ರಸಾದದ ಪೆಟ್ಟಿಗೆಯ ಬಳಿ ಒಂದು ದೀಪ ಹಗಲಿರುಳು ಉರಿಯಬೇಕೆಂಬುದು ಇಂದಿಗೂ ಇರುವ ಕಟ್ಟಳೆ. ದಾವಣಗೆರೆಯ ಸಂತ ತೋಮಸರ ದೇವಾಲಯಕ್ಕೆ ಹೋದರೂ, ಹರಿಹರದಲ್ಲಿ ಈಗ ಬಸಿಲಿಕಾ ಎಂಬ ಗೌರವ ಪಡೆದಿರುವ ಆರೋಗ್ಯಮಾತೆಯ ದೇವಾಲಯಕ್ಕೆ ಹೋದರೂ ಈ ಕಿರುದೀಪವನ್ನು ಕಾಣಬಹುದು. ಇದು ಅವರ ನಂದಾದೀಪ.

ವಿದ್ಯುಚ್ಛಕ್ತಿಯ ದೀಪ ಬಂದಾಗ ರೋಮಿನ ಧರ್ಮಪೀಠಕ್ಕೆ ಒಂದು ಪ್ರಶ್ನೆ ಹೋಯಿತು. ದೇವಾಲಯಗಳಲ್ಲಿ ಈ ಹೊಸ ದೀಪವನ್ನು ಹಾಕಬಹುದೇ? ೧೮೯೫ನೆಯ ಇಸವಿಯ ಜೂನ್ ತಿಂಗಳಲ್ಲಿ ಬಂದ ಉತ್ತರ ಬಹಳ ಜಾಣತನದ್ದು. ಕತ್ತಲೆಯನ್ನು ಓಡಿಸುವುದಕ್ಕೆ ಹಾಕಬಹುದು, ಆರಾಧನೆಗೆ ಕೂಡದು. ಎಂದರೆ, ಓದುವ ಹಾಡುವ ಜನರಿಗೆ ಕಾಣಲೆಂದು ಹೊತ್ತಿಸುವ ಬೆಳಕು ಬೇರೆ, ದೇವರಿಗೆ ಅರ್ಪಿಸುವ ಬೆಳಕು ಬೇರೆ. ಅರ್ಪಿಸುವುದು ಜೇನುಮೇಣವಾಗಿರಬೇಕು, ಎಣ್ಣೆಯಾಗಿರಬೇಕು. ಉರಿದು ಕರಗಿಹೋಗುವ ವಸ್ತುವಾಗಿರಬೇಕು. ಮೊದಲನೆಯ ಮಹಾಯುದ್ಧದಲ್ಲಿ ಎಣ್ಣೆಯೂ ಮೇಣವೂ ದುರ್ಲಭವಾಗಲು, ೧೯೧೬ರಲ್ಲಿ ಆ ಸದಾದೀಪದ ಮಟ್ಟಿಗೆ ಬೇರೆ ಎಣ್ಣೆಗಳನ್ನೂ ಕೊನೆಗೆ ವಿದ್ಯುದ್ದೀಪವನ್ನೂ ಬಳಸಲು ಅಪ್ಪಣೆ ಕೊಟ್ಟರು. ಅಭಾವದ ಕಾಲದಲ್ಲಿ ದೇವರ ದೀಪಕ್ಕೂ ಹಿಡಿತ ಉಂಟೆಂಬುದನ್ನು ಧರ್ಮಪೀಠವೇ ಒಪ್ಪಿಕೊಂಡ ಮೇಲೆ, ಈಗಿನವರು ಅದನ್ನು ಹೊಸ ಮಾತೆಂದು ಗಾಬರಿಪಡಬೇಕಾಗಿಲ್ಲ.

ಕಾಣುವ ಬೆಳಕು, ಅರ್ಪಿಸುವ ಬೆಳಕು ಎಂದು ಎರಡೇ ಬಗೆಯನ್ನು ಅವರು ಹೇಳಿದರು. ಮೂರನೆಯದೊಂದು ಬಗೆಯನ್ನು ಆಗ ಅವರು ಊಹಿಸಿರಲಾರರು. ಅದು ತೋರಿಕೆಯ ಬೆಳಕು. ಅದರ ವಿಷಯ ಆಮೇಲೆ.

ನಮ್ಮ ರಾಜ್ಯಕ್ಕೆ ವಿದ್ಯುತ್ತು ಬಂದ ಕಥೆಯನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ೧೯೦೫ರಲ್ಲಿ ಬೆಂಗಳೂರಿಗೆ, ೧೯೪೮ರಲ್ಲಿ ಜೋಗದಿಂದ. ದಾವಣಗೆರೆ ಹತ್ತಿಯ ಗಿರಣಿಗಳ ಊರಾಗಿ ಬೆಳೆದುದೂ, ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತು ಲೇತು ಯಂತ್ರಗಳನ್ನು ಮಾಡತೊಡಗಿದುದೂ ಇದೇ ಕಾಲದ ಕಥೆ. ಗಿರಣಿಗಳೂ ಆ ಕಾರ್ಖಾನೆಯೂ ಇಂದು ಹಳೆಯ ನೆನಪುಗಳಾಗಿವೆ. ಆದರೆ ಅವು ಕರೆತಂದ ಜನ ಇಲ್ಲಿಯೇ ನೆಲೆನಿಂತರು. ಸೀಮೆಎಣ್ಣೆಯ ಕಂದೀಲು, ಹಬ್ಬಕ್ಕೊಂದು ದಿನ ಪೆಟ್ರೋಮ್ಯಾಕ್ಸು ಎಂದಿದ್ದ ಗುಡಿ, ಮಸೀದಿ, ಚರ್ಚುಗಳಲ್ಲಿ ಗುಂಡಿ ಒತ್ತಿದರೆ ಬೆಳಕಾಯಿತು.

ಗುಂಡಿ ಒತ್ತಿದೊಡನೆ ಹೋದದ್ದು ಕತ್ತಲೆ ಮಾತ್ರವಲ್ಲ, ಲೆಕ್ಕವೂ ಹೋಯಿತು. ಗಾಣ ಕಣ್ಣಿಗೆ ಕಾಣುತ್ತಿತ್ತು, ಶರಾವತಿ ಕಾಣಲಿಲ್ಲ. ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಮುಗಿದಾಗ ಸುಮಾರು ಮುನ್ನೂರು ಚದರ ಕಿಲೋಮೀಟರು ನೆಲ ನೀರಿನಡಿ ಹೋಯಿತು. ಗದ್ದೆ, ತೋಟ, ಕಾಡು, ಗುಡಿಗಳನ್ನು ಬಿಟ್ಟು ಸಾವಿರಾರು ಕುಟುಂಬಗಳು ಎದ್ದು ನಡೆದವು. ಅವರಲ್ಲಿ ಅನೇಕರ ಮೊಮ್ಮಕ್ಕಳು ಇಂದಿಗೂ ತಮ್ಮ ಹೊಸ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ನೀರಿನ ವಿದ್ಯುತ್ತು ಸಾಲದೆ ಹೋದಾಗ ೧೯೮೫ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಲಾರಂಭಿಸಿದೆವು. ಆಮೇಲೆ ಬಳ್ಳಾರಿಯ ಕುಡಿತಿನಿಯಲ್ಲಿ. ನಮ್ಮ ದೇಶದ ವಿದ್ಯುಜ್ಜಾಲದಿಂದ ಒಂದು ಯೂನಿಟ್ಟು ತೆಗೆದರೆ ಸರಾಸರಿ ಏಳುನೂರು ಗ್ರಾಂಗಳಷ್ಟು ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕಗಳು ಹೇಳುತ್ತವೆ. ತೆಲ್ಲಿಗನ ಎತ್ತಿಗೆ ದಣಿವಾದರೆ ಪೂಜಾರಿಗೆ ತಿಳಿಯುತ್ತಿತ್ತು. ಭೂಮಿಗೆ ದಣಿವಾದದ್ದು ನಮಗೆ ತಿಳಿದದ್ದು ಬಹಳ ತಡವಾಗಿ. ೨೦೨೩ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬರಿದಾಗಿ, ಆ ಅಕ್ಟೋಬರಿನಲ್ಲಿ ರಾಜ್ಯಕ್ಕೆಲ್ಲ ವಿದ್ಯುತ್ತಿನ ಅಭಾವವಾದುದನ್ನು ವಾಚಕರು ಮರೆತಿರಲಾರರು.

ಕ್ರೈಸ್ತ ಸಭೆಗಳು ಈ ವಿಚಾರಕ್ಕೆ ಧರ್ಮದ ಹೆಸರನ್ನಿಟ್ಟದ್ದು ಇತ್ತೀಚೆಗೆ. ಜಗತ್ತಿನ ಸಭೆಗಳ ಒಕ್ಕೂಟವು ೧೯೮೩ರಲ್ಲಿ ಕೆನಡದ ವ್ಯಾಂಕೂವರಿನಲ್ಲಿ ಸೇರಿದಾಗ ನ್ಯಾಯ, ಶಾಂತಿ ಎಂಬ ಎರಡು ಹಳೆಯ ಮಾತುಗಳ ಪಕ್ಕದಲ್ಲಿ ಸೃಷ್ಟಿಯ ಸಮಗ್ರತೆ ಎಂಬ ಮೂರನೆಯದನ್ನು ಕೂರಿಸಿತು. ೧೯೮೯ರಲ್ಲಿ ಕಾನ್‌ಸ್ಟಾಂಟಿನೋಪಲಿನ ಆರ್ಥೊಡಾಕ್ಸ್ ಧರ್ಮಗುರು ದಿಮಿತ್ರಿಯೋಸರು ಸೆಪ್ಟೆಂಬರ್ ಒಂದನೆಯ ತಾರೀಖನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. ೨೦೧೫ರಲ್ಲಿ ಜಗದ್ಗುರು ಫ್ರಾನ್ಸಿಸರು ಅದೇ ದಿನವನ್ನು ಕಥೋಲಿಕರಿಗೂ ಗೊತ್ತುಮಾಡಿದರು. ಅದೇ ವರ್ಷ ಅವರು ಬರೆದ ‘ಲೌದಾತೊ ಸಿ’ ಎಂಬ ವಿಶ್ವಪತ್ರದ ಹೆಸರು ಆ ಅಸಿಸಿಯ ಸಂನ್ಯಾಸಿಯ ಹಾಡಿನಿಂದಲೇ ಬಂದದ್ದು. ಆ ದೊಡ್ಡ ಪತ್ರದಲ್ಲಿ ದೇವಶಾಸ್ತ್ರವಿದೆ, ಅರ್ಥಶಾಸ್ತ್ರವಿದೆ. ಅವುಗಳ ನಡುವೆ, ಬೇಡದ ದೀಪಗಳನ್ನು ಆರಿಸುವುದು ಕೂಡ ಸೃಷ್ಟಿಯನ್ನು ಕಾಯುವ ಪ್ರೀತಿಯ ಕೆಲಸವೆಂಬ ಸಣ್ಣ ಮಾತೂ ಇದೆ. ದೀಪ ಆರಿಸಲು ಒಲ್ಲದವನ ಹಾಡಿನ ಹೆಸರು ಹೊತ್ತ ಪತ್ರದಲ್ಲಿ ದೀಪ ಆರಿಸಿರೆಂಬ ಮಾತು! ಮೇಲುನೋಟಕ್ಕೆ ವಿರೋಧ. ಆದರೆ ಬೆಂಕಿಯನ್ನು ತಮ್ಮನೆಂದವನು ತಮ್ಮನನ್ನು ಸುಮ್ಮನೆ ದುಡಿಸುವುದಿಲ್ಲ. ಆರಿಸಲು ಮನಸ್ಸು ಬಾರದವನು ಬೇಡದೆ ಹೊತ್ತಿಸಲೂ ಹಿಂಜರಿಯುತ್ತಾನೆ. ನನಗಂತೂ ಇದರಲ್ಲಿ ವಿರೋಧ ಕಾಣುವುದಿಲ್ಲ.

ಮಾತು ಸಾಕು, ಕೆಲಸವೇನು ನಡೆದಿದೆ ಎಂದು ಕೇಳಬಹುದು. ವ್ಯಾಟಿಕನ್ನಿನ ಆರನೆಯ ಪೌಲರ ಸಭಾಭವನದ ಮೇಲೆ ೨೦೦೮ರಲ್ಲಿ ಸುಮಾರು ಎರಡು ಸಾವಿರದ ನಾನೂರು ಸೌರಫಲಕಗಳನ್ನು ಹಾಸಿದರು. ಒಂಬೈನೂರು ವರ್ಷ ದಾಟಿದ ಇಂಗ್ಲೆಂಡಿನ ಗ್ಲಾಸ್ಟರ್ ಮಹಾದೇವಾಲಯದ ಮಾಡಿನ ಮೇಲೆ ೨೦೧೬ರಲ್ಲಿ ನೂರೈವತ್ತು ಫಲಕಗಳು ಏರಿದವು. ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಚಿತ್ರ ತೆಗೆದು ಪತ್ರಿಕೆಗೆ ಕಳಿಸಬಹುದು. ನನಗೆ ಇವುಗಳಿಗಿಂತ ಮೆಚ್ಚಿಗೆಯಾದದ್ದು ಇಂಗ್ಲೆಂಡಿನ ಸಭೆಯವರು ಮಾಡಿದ ಇನ್ನೊಂದು ಕೆಲಸ. ೨೦೨೦ರ ಫೆಬ್ರುವರಿಯಲ್ಲಿ ಅವರ ಮಹಾಸಭೆಯು ೨೦೩೦ರೊಳಗೆ ತಮ್ಮ ಇಂಗಾಲದ ಹೊರೆಯನ್ನು ಶೂನ್ಯಕ್ಕೆ ಇಳಿಸುವೆವೆಂದು ಠರಾವು ಮಾಡಿತು. ಠರಾವು ಯಾರು ಬೇಕಾದರೂ ಮಾಡಬಹುದು. ಆದರೆ ಅದರ ಜೊತೆಯಲ್ಲಿಯೇ ಊರೂರಿನ ಚರ್ಚುಗಳನ್ನು ನಿಮ್ಮ ವರ್ಷದ ವಿದ್ಯುತ್ ಬಿಲ್ಲೆಷ್ಟು, ಗ್ಯಾಸಿನ ಬಿಲ್ಲೆಷ್ಟು ಎಂದು ಕೇಳಿ, ತುಂಬಿಕೊಡಲು ಒಂದು ಲೆಕ್ಕದ ನಮೂನೆಯನ್ನು ಕೊಟ್ಟರು. ಕಲ್ಲಿನಲ್ಲಿ ಸೊಲ್ಲಗೆಯ ಲೆಕ್ಕ ಕೊರೆಸಿದವರ ಕೆಲಸಕ್ಕೆ ಇದು ಹತ್ತಿರವಾದದ್ದು. ಛಳಿಯ ದೇಶವಾದ್ದರಿಂದ ಅಲ್ಲಿನ ಖರ್ಚೆಲ್ಲ ಬಿಸಿಗೆ. ಹಾಗಾಗಿ ಕಟ್ಟಡವನ್ನು ಕಾಯಿಸಬೇಡಿ, ಕುಳಿತ ಜನರನ್ನು ಕಾಯಿಸಿ ಎಂಬುದು ಅವರ ಸೂತ್ರ.

ಹತ್ತಿರದಲ್ಲಿಯೂ ಉದಾಹರಣೆಗಳಿವೆ. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ಹಲವು ಪ್ರಾಟೆಸ್ಟಂಟ್ ಪಂಗಡಗಳು ಕೂಡಿ ಒಂದಾದ ದಕ್ಷಿಣ ಇಂಡಿಯಾ ಸಭೆಯ ಸಿನೋಡಿನಲ್ಲಿ ಪರಿಸರದ ಕಾಳಜಿಗೆಂದೇ ಒಂದು ವಿಭಾಗವಿದೆ. ಅದರ ಮಧ್ಯ ಕೇರಳ ಡಯಾಸಿಸಿನವರು ಇತ್ತೀಚಿನ ವರ್ಷಗಳಲ್ಲಿ ತಪಸ್ಸುಕಾಲದ ದಿನಗಳಲ್ಲಿ ‘ಇಂಗಾಲದ ಉಪವಾಸ’ ಹಿಡಿಯಿರೆಂದು ಸಭಿಕರಿಗೆ ಕರೆಕೊಟ್ಟರು. ಮಾಂಸ ಬಿಡುವ ಹಾಗೆ ವಾಹನ ಬಿಡುವುದು, ದೀಪ ಬಿಡುವುದು. ಏಕಾದಶಿ, ರಂಜಾನು ಬಲ್ಲ ನಮ್ಮ ಜನರಿಗೆ ಉಪವಾಸವೆಂಬ ಮಾತು ಬಹಳ ಬೇಗ ಅರ್ಥವಾಗುತ್ತದೆ. ‘ಮಿತವ್ಯಯ’ ಎಂದರೆ ಸರಕಾರದ ಸುತ್ತೋಲೆಯ ಹಾಗೆ ಕೇಳಿಸುತ್ತದೆ. ‘ಉಪವಾಸ’ ಎಂದರೆ ಮನೆಯ ಮಾತು.

ಇನ್ನು ನಮ್ಮ ದಾವಣಗೆರೆ, ಹರಿಹರಗಳಲ್ಲಿ ಏನು ಮಾಡಬಹುದು? ನಾನು ಕ್ರೈಸ್ತನಲ್ಲ, ಆದರೂ ಮೂವತ್ತು ವರ್ಷ ಎಲ್ಲ ಮತದ ಮಕ್ಕಳಿಗೂ ಕನ್ನಡ ಪಾಠ ಹೇಳಿದ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ.

ನಮ್ಮದು ಬಿಸಿಲ ಸೀಮೆ. ಇಲ್ಲಿನ ಖರ್ಚು ತಂಪಿಗೆ. ಹಳೆಯ ಕಾಲದ ಪಾದ್ರಿಗಳು ಕಟ್ಟಿಸಿದ ಚರ್ಚುಗಳನ್ನು ಗಮನಿಸಿ ನೋಡಿ. ಎತ್ತರದ ಗೋಡೆ, ಎದುರುಬದುರು ಬಾಗಿಲು, ಉದ್ದನೆಯ ಕಿಟಕಿ, ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ದೇಶವೆಲ್ಲ ಹರಡಿತು. ಅದನ್ನು ಸುಡುವುದಕ್ಕೆ ಗಾಡಿಗಟ್ಟಲೆ ಸೌದೆ ಬೇಕಾಗುತ್ತಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಒಮ್ಮೆ ಸುಟ್ಟ ಹೆಂಚು ನೂರು ವರ್ಷ ಬಾಳುತ್ತದೆ. ಸಂದುಗಳಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗಿ ಕೆಳಗೆ ಕುಳಿತವರಿಗೆ ನೆಮ್ಮದಿ. ಈಗ ಹಳೆಯ ಮಾಡನ್ನು ಕೆಡವಿ ಸಿಮೆಂಟಿನ ತಾರಸಿ ಹಾಕಿ, ಕಿಟಕಿಗಳಿಗೆ ಬಣ್ಣದ ಗಾಜು ಕೂರಿಸಿ, ಸೆಕೆ ತಾಳದೆ ಹವಾನಿಯಂತ್ರಣದ ಯಂತ್ರ ತರುತ್ತೇವೆ. ಊರಿನ ಉಳಿದ ಕಟ್ಟಡಗಳೂ ಹೀಗೆಯೇ ಇವೆಯೆನ್ನಿ. ಬರಿಯ ಚರ್ಚನ್ನು ದೂರಬಾರದು. ‘ಲೌದಾತೊ ಸಿ’ ಪತ್ರದಲ್ಲಿಯೇ ಈ ಯಂತ್ರದ ಬಳಕೆ ಏರುತ್ತಿರುವುದನ್ನು ಕೆಟ್ಟ ಚಾಳಿಯ ಉದಾಹರಣೆಯಾಗಿ ಹೆಸರಿಸಿದೆ. ಕಿಟಕಿ ತೆರೆಯುವುದು, ಏಪ್ರಿಲ್, ಮೇ ತಿಂಗಳುಗಳಲ್ಲಿ ಪೂಜೆಯ ಹೊತ್ತನ್ನು ಒಂದು ಗಂಟೆ ಮುಂಚೆ ಇಡುವುದು, ಜನರಿಲ್ಲದ ಸಾಲಿನ ಫ್ಯಾನುಗಳನ್ನು ನಿಲ್ಲಿಸುವುದು, ಇವಕ್ಕೆ ಒಂದು ಕಾಸೂ ಬೇಡ. ಹಳೆಯ ಫ್ಯಾನಿಗೆ ಎಪ್ಪತ್ತೈದು ವಾಟು ಬೇಕಾದರೆ ಈಗಿನ ಹೊಸ ಬಗೆಯದಕ್ಕೆ ಮೂವತ್ತು ಸಾಕು. ಕೆಟ್ಟಾಗ ಬದಲಾಯಿಸುತ್ತ ಹೋದರೆ ಹೊರೆಯಾಗದು.

ಸೌರಫಲಕದ ವಿಷಯದಲ್ಲಿ ನಮ್ಮ ಊರುಗಳಿಗೆ ಬಿಸಿಲಿನ ಬಡತನವಿಲ್ಲ. ಒಂದು ಕಿಲೋವಾಟಿನ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಡುತ್ತದೆ. ಚರ್ಚಿನ ಹೆಂಚಿನ ಮಾಡನ್ನು ಮುಟ್ಟಬೇಕಾಗಿಲ್ಲ. ಪಕ್ಕದ ಸಭಾಭವನದ ತಾರಸಿಯ ಮೇಲೆ ಐದು ಕಿಲೋವಾಟು ಹಾಕಿದರೆ ತಿಂಗಳಿಗೆ ಆರುನೂರು ಯೂನಿಟ್ಟು. ಚರ್ಚಿನಲ್ಲಿ ಜನ ತುಂಬುವುದು ಭಾನುವಾರ. ಉಳಿದ ಆರು ದಿನ ಮಿಕ್ಕ ವಿದ್ಯುತ್ತು ಮೀಟರಿನ ಮೂಲಕ ಬೆಸ್ಕಾಂ ತಂತಿಗೆ ಹೋಗಿ ಅಕ್ಕಪಕ್ಕದ ಮನೆಗಳಲ್ಲಿ ಉರಿಯುತ್ತದೆ. ಅಣ್ಣನಾದ ಸೂರ್ಯನ ಉಂಬಳಿಯೆಂದು ಅಸಿಸಿಯ ಸಂನ್ಯಾಸಿ ಹಿಗ್ಗುತ್ತಿದ್ದನೇನೋ!

ಇದಿಷ್ಟು ಸುಲಭದ ಭಾಗ. ಕಷ್ಟವಿರುವುದು ನಾನು ಆಗಲೇ ಹೇಳಿದ ಮೂರನೆಯ ಬಗೆಯ ಬೆಳಕಿನಲ್ಲಿ.

ಹರಿಹರದ ಆರೋಗ್ಯಮಾತೆಯ ಹಬ್ಬ ಸೆಪ್ಟೆಂಬರ್ ಎಂಟನೆಯ ತಾರೀಖು. ಅದಕ್ಕೆ ಮುಂಚೆ ಒಂಬತ್ತು ದಿನದ ಪ್ರಾರ್ಥನೆ. ಸುತ್ತಣ ಜಿಲ್ಲೆಗಳಿಂದ ಜನ ಬರುತ್ತಾರೆ, ಎಷ್ಟೋ ಮಂದಿ ಕಾಲ್ನಡಿಗೆಯಲ್ಲಿ. ಕ್ರೈಸ್ತರಷ್ಟೇ ಅಲ್ಲ, ಹರಕೆ ಹೊತ್ತ ಹಿಂದೂಗಳೂ ಮುಸಲ್ಮಾನರೂ. ಹರಿಯೂ ಹರನೂ ಒಂದಾದ ಊರಿಗೆ ಇದು ಒಪ್ಪುವ ಸಂಗತಿ. ಕ್ಯಾಲೆಂಡರನ್ನು ಬಿಡಿಸಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಸೃಷ್ಟಿಗಾಗಿ ಪ್ರಾರ್ಥಿಸಬೇಕಾದ ಸೆಪ್ಟೆಂಬರ್ ಒಂದನೆಯ ತಾರೀಖು ಈ ಒಂಬತ್ತು ದಿನಗಳ ಒಳಗೇ ಬೀಳುತ್ತದೆ. ಹಬ್ಬದ ದೀಪಾಲಂಕಾರ ಏರುವ ದಿನಗಳೂ ಅವೇ. ಜಗತ್ತಿನ ಬೇರೆ ಊರುಗಳಲ್ಲಿ ಈ ದಿನ ಬಂದು ಹೋಗಬಹುದು; ಹರಿಹರಕ್ಕೆ ಅದು ಹಬ್ಬದ ನಡುಮನೆಯಲ್ಲಿಯೇ ಬಂದು ಕೂರುತ್ತದೆ.

ಹಾಗಾದರೆ ಅಲಂಕಾರ ಬೇಡವೇ? ಒಂಟಿ ಬಲ್ಬಿನ ಮನೆಯಿಂದ ಮೂವತ್ತು ನಲವತ್ತು ಮೈಲಿ ನಡೆದು ಬಂದ ಬಡ ತಾಯಿಗೆ, ದೂರದಿಂದ ಗೋಪುರದ ದೀಪ ಕಂಡಾಗ ಆಗುವ ಸಂತೋಷವನ್ನು ಯೂನಿಟ್ಟಿನಲ್ಲಿ ಅಳೆಯುವುದು ಹೇಗೆ? ಅನುಕೂಲವಂತರು ಮನೆಯಲ್ಲಿ ನಾಲ್ಕು ಯಂತ್ರ ಓಡಿಸಿಕೊಂಡು ಬಡವರ ಹಬ್ಬದ ಬೆಳಕಿಗೆ ಕತ್ತರಿ ಹಾಕುವುದು ನ್ಯಾಯವೇ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವವರ ಜೊತೆಗೆ ನಾನಿಲ್ಲ. ಪೊಲಾಳ್ವನ ಗುಡಿಯ ಮುಂದೆಯೂ ಕಲ್ಲಿನ ದೀಪಸ್ತಂಭಗಳಿವೆ. ಉತ್ಸವದ ರಾತ್ರಿ ಅವುಗಳ ಮೇಲೆ ಹಣತೆಗಳು ಉರಿಯಲೆಂದೇ ಅವನ್ನು ನಿಲ್ಲಿಸಿದ್ದು. ಉತ್ಸವಕ್ಕೆ ಬೆಳಕು ಬೇಕೇ ಬೇಕು. ಆದರೆ ಆ ಹಣತೆಗಳಿಗೆ ಸುರಿದ ಎಣ್ಣೆ ತೀರಿದಾಗ ದೀಪವೂ ತಾನಾಗಿ ಶಾಂತವಾಗುತ್ತಿತ್ತು. ಈಗಿನ ಸರದ ದೀಪಗಳು ಜನರೆಲ್ಲ ಮಲಗಿದ ಮೇಲೂ, ಬೆಳಗಾಗಿ ಬಿಸಿಲೇರಿದ ಮೇಲೂ ಉರಿಯುತ್ತಿರುವುದನ್ನು ಯಾವ ಮತದ ಹಬ್ಬದಲ್ಲಿ ಬೇಕಾದರೂ ಕಾಣಬಹುದು. ಅದು ಕಾಣುವ ಬೆಳಕೂ ಅಲ್ಲ, ಅರ್ಪಿಸುವ ಬೆಳಕೂ ಅಲ್ಲ. ಬಡ ತಾಯಿಯ ಸಂತೋಷಕ್ಕೂ ಅಲ್ಲ. ಆಕೆ ಆಗ ಬಸ್‌ಸ್ಟ್ಯಾಂಡಿನಲ್ಲಿ ನಿದ್ದೆಹೋಗಿರುತ್ತಾಳೆ.

ಎಲ್‌ಇಡಿ ದೀಪಗಳು ಬಂದಿವೆಯಲ್ಲ, ಇನ್ನೇನು ಚಿಂತೆ ಎನ್ನುವವರಿಗೊಂದು ಮಾತು. ೨೦೧೫ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಯೋ​ಜನೆ ಆರಂಭವಾಗಿ ಒಂಬತ್ತು ವಾಟಿನ ಬಲ್ಬುಗಳು ಅಗ್ಗವಾಗಿ ಮನೆಮನೆಗೂ ಬಂದವು. ಅರವತ್ತು ವಾಟಿನ ಹಳೆಯ ಬಲ್ಬು ನೂರು ಹಾಕಿ ಐದು ಗಂಟೆ ಉರಿಸಿದರೆ ಮೂವತ್ತು ಯೂನಿಟ್ಟು. ಹೊಸ ಬಲ್ಬಾದರೆ ನಾಲ್ಕೂವರೆ. ಉಳಿತಾಯ ದೊಡ್ಡದೇ. ಆದರೆ ಅಗ್ಗವಾಯಿತೆಂದು ನೂರರ ಜಾಗದಲ್ಲಿ ಏಳುನೂರು ಕಟ್ಟಿದರೆ ಉಳಿದದ್ದೇನು? ಜೆವೊನ್ಸ್ ಎಂಬ ಇಂಗ್ಲಿಷ್ ಪಂಡಿತನು ೧೮೬೫ರಲ್ಲಿಯೇ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಕಂಡು ಬರೆದಿಟ್ಟನು: ಯಂತ್ರ ಕಡಿಮೆ ಇದ್ದಲು ತಿನ್ನುವ ಹಾಗಾದರೆ ದೇಶ ಹೆಚ್ಚು ಇದ್ದಲನ್ನು ತಿನ್ನುತ್ತದೆ. ಆದ್ದರಿಂದ ಬಲ್ಬು ಬದಲಾದರೆ ಸಾಲದು, ಸೊಲ್ಲಗೆ ಬೇಕು. ಈ ಹಬ್ಬಕ್ಕೆ ಇಷ್ಟು ಯೂನಿಟ್ಟು ಎಂದು ಮೊದಲೇ ಗೊತ್ತುಮಾಡಿ, ಅದರೊಳಗೆ ಅಲಂಕಾರ ಮಾಡುವವನು ತನ್ನ ಕೈಚಳಕ ತೋರಿಸಲಿ. ಛಂದಸ್ಸಿನ ಕಟ್ಟು ಇದ್ದರೆ ಪದ್ಯ ಕೆಡುತ್ತದೆಂದು ಯಾವ ಕವಿಯೂ ಹೇಳಲಿಲ್ಲ.

ಇನ್ನೊಂದು ಆಕ್ಷೇಪಣೆ ಉಂಟು. ೨೦೧೧ರ ಜನಗಣತಿಯಂತೆ ಕರ್ನಾಟಕದ ಜನರಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಇಷ್ಟು ಸಣ್ಣ ಸಮುದಾಯದ ಚರ್ಚುಗಳು ನಾಲ್ಕು ದೀಪ ಆರಿಸಿದರೆ ರಾಯಚೂರಿನ ಚಿಮಣಿಯ ಹೊಗೆ ಕಡಿಮೆಯಾದೀತೇ? ಆಗದು. ಆದರೆ ಯೋಚಿಸಿ. ೨೦೨೩ರಿಂದ ‘ಗೃಹಜ್ಯೋತಿ’ಯ ಮೂಲಕ ಮನೆಗಳಿಗೆ ಇನ್ನೂರು ಯೂನಿಟ್ಟಿನವರೆಗೆ ಬಿಲ್ಲಿಲ್ಲ. ಬಡವರಿಗೆ ಅದರಿಂದ ಉಪಕಾರವಾಗಿದೆ, ನಾನು ಹಳಿಯುವುದಿಲ್ಲ. ಹಾಗಿದ್ದರೂ ಬಿಲ್ಲು ಬಾರದ ಮನೆಯಲ್ಲಿ ಮೀಟರನ್ನು ನೋಡುವವರು ಕಡಿಮೆಯಾದರು. ಚರ್ಚು, ಗುಡಿ, ಮಸೀದಿಗಳು ಮನೆಗಳಲ್ಲ. ಅವು ಬಿಲ್ಲು ಕಟ್ಟಲೇಬೇಕು, ಕಾಣಿಕೆ ಡಬ್ಬಿಯ ಹಣದಿಂದ. ಹೀಗೆ ಊರಿನ ಜನ ಕೂಡಿ ಬೆಳಕಿನ ಬೆಲೆ ತೆರುವ ಜಾಗಗಳಲ್ಲಿ ದೇವರ ಮನೆಯೂ ಒಂದಾಗಿ ಉಳಿದಿದೆ. ಅದರಲ್ಲಿಯೂ ಚರ್ಚಿನವರು ಪ್ರತಿ ಭಾನುವಾರ ಒಟ್ಟಿಗೆ ಕೂರುತ್ತಾರೆ, ಪ್ರಕಟಣೆ ಓದುತ್ತಾರೆ, ಕೇಳುತ್ತಾರೆ. ಲೆಕ್ಕ ಒಪ್ಪಿಸಲು ಇಂಥ ಅನುಕೂಲ ಬೇರೆ ಎಲ್ಲಿದೆ?

ಆ ಲೆಕ್ಕ ಬಹಳ ದೊಡ್ಡದೇನೂ ಅಲ್ಲ. ಒಂದು ನಲವತ್ತು ಪುಟದ ನೋಟುಪುಸ್ತಕ. ಶನಿವಾರ ಸಂಜೆ ಗಂಟೆ ಹೊಡೆಯುವವನು ಮೀಟರು ನೋಡಿ ಅಂಕಿ ಬರೆಯುವುದು; ಭಾನುವಾರ ಮಧ್ಯಾಹ್ನ ಬೀಗ ಹಾಕುವ ಮುಂಚೆ ಇನ್ನೊಮ್ಮೆ ಬರೆಯುವುದು. ಎರಡರ ವ್ಯತ್ಯಾಸವೇ ಆ ವಾರದ ಆರಾಧನೆಯ ಎಣ್ಣೆ. ಮುಂದಿನ ವಾರ ಮದುವೆ, ನಾಮಕರಣ, ವಿವಾಹ ಪ್ರಕಟಣೆಗಳನ್ನು ಓದುವ ಜೊತೆಗೆ ಆ ಅಂಕಿಯನ್ನೂ ಓದುವುದು. ಧರ್ಮಬೋಧೆಯ ತರಗತಿಯ ಮಕ್ಕಳಿಗೆ ಆ ಪುಸ್ತಕವನ್ನು ಕೊಟ್ಟು ತಿಂಗಳ ಸರಾಸರಿ ತೆಗೆಯಿರೆಂದರೆ ಗಣಿತದ ಮೇಷ್ಟರಿಗೂ ಸಂತೋಷವಾದೀತು. ಒಂಬತ್ತು ದಿನದ ಪ್ರಾರ್ಥನೆ ಬಂದಾಗ ಅದರಲ್ಲಿ ಒಂಬತ್ತು ಸಾಲು ಬೇರೆಯಾಗಿ ಎಳೆದುಕೊಳ್ಳಬೇಕು. ಸೆಪ್ಟೆಂಬರ್ ಒಂದರ ರಾತ್ರಿ ಸರದ ದೀಪಗಳನ್ನೆಲ್ಲ ದೊಡ್ಡದು ಮಾಡಿ, ಪರಮಪ್ರಸಾದದ ಮುಂದಣ ಒಂದು ದೀಪ, ಜನರ ಕೈಗಳಲ್ಲಿ ಮೇಣದ ಬತ್ತಿಗಳು, ಇಷ್ಟರಲ್ಲಿಯೇ ಪ್ರಾರ್ಥನೆ ನಡೆಸಿದರೆ ಆ ಸಾಲಿನಲ್ಲಿ ಬರೆಯುವ ಅಂಕಿ ಬಹಳ ಚಿಕ್ಕದಾಗಿರುತ್ತದೆ. ಊರಿನ ಆಚೆ ತುಂಗಭದ್ರೆಯ ದಂಡೆಗೆ ಬಂದು ನಿಂತವರಿಗೆ ಅಂದು ನೀರಿನಲ್ಲಿ ನಕ್ಷತ್ರಗಳು ಕಾಣಬಹುದು.